ಅಮ್ಮನ ಬೈಗುಳಕ್ಕೆ ನನ್ನ ಗಂಟಲು

ನಮ್ಮ ಹಿಪ್ಪುನೇರಳೆ ತೋಟಕ್ಕೆ ಬೇಲಿ ಇಲ್ಲ. ಯಾವತ್ತೂ ಇರಲಿಲ್ಲ. ಹುತ್ತೂರಿಗೆ ಹೋಗುವ ರಸ್ತೆಯ ಪಕ್ಕಕ್ಕೇ ಇದೆ. ದನ ನುಗ್ಗಬಹುದು, ಮೇಕೆ ನುಗ್ಗಬಹುದು, ಮನುಷ್ಯರಂತೂ ಕೇಳುವುದೇ ಬೇಡ. ಆದರೂ ಇಷ್ಟು ವರ್ಷ ಅಲ್ಲಿಂದ ಒಂದು ಕಡ್ಡಿ ಸೊಪ್ಪು ಕಳುವಾಗಿರಲಿಲ್ಲ. ಅದಕ್ಕೆ ಅಮ್ಮನ ಬಾಯಿ ಕಾವಲಿತ್ತು.

ಬೈಯುವುದು ಎಂದರೆ ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ನಮ್ಮ ಕಡೆ ಅದಕ್ಕೊಂದು ಕ್ರಮವಿದೆ. ಕೋಳಿ ಹೋದರೆ, ಕುಂಬಳಕಾಯಿ ಹೋದರೆ, ಸೊಪ್ಪು ಹೋದರೆ, ಮನೆಯ ಹೆಂಗಸು ಸಂಜೆ ಎಲ್ಲರೂ ಮನೆ ಸೇರಿದ ಮೇಲೆ, ಟೀವಿಯಲ್ಲಿ ಧಾರಾವಾಹಿ ಶುರುವಾಗುವ ಮೊದಲು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯ ಮೇಲ್ತುದಿಯಿಂದ ಕೆಳತುದಿಯವರೆಗೆ ಬೈದುಕೊಂಡು ನಡೆಯಬೇಕು. ಹೆಸರು ಹೇಳುವಂತಿಲ್ಲ. ಯಾರ ಮನೆಯ ಮುಂದೂ ನಿಲ್ಲುವಂತಿಲ್ಲ, ನಿಂತರೆ ಅದು ಬೈಗುಳವಲ್ಲ, ಜಗಳ. ಕದ್ದವನ ಕೈಯನ್ನು ಬೈಯಬಹುದು, ಬಾಯನ್ನು ಬೈಯಬಹುದು, ಅವನ ಮಕ್ಕಳ ತಂಟೆಗೆ ಹೋಗಬಾರದು. ಗಂಡಸರು ಬೈದರೆ ಪೊಲೀಸ್ ಕಂಪ್ಲೇಂಟ್ ಆಗುತ್ತದೆ, ಹೆಂಗಸರು ಬೈದರೆ ಬರೀ ಬೈದ ಹಾಗಾಗುತ್ತದೆ. ಮಾರನೆಯ ಬೆಳಿಗ್ಗೆ ಕಳೆದ ಕೋಳಿ ತಾನಾಗಿಯೇ ಬಂದು ಅಂಗಳ ಕೆದಕುತ್ತಿರುತ್ತದೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಅಮ್ಮ ಈ ವಿದ್ಯೆಯಲ್ಲಿ ಊರಿಗೇ ಮೊದಲು. ಅವಳಿಗೆ ಸರಿಸಮ ಎಂದರೆ ಎದುರು ಮನೆಯ ಚಿಕ್ಕಮ್ಮ, ನಮ್ಮಪ್ಪನ ತಮ್ಮನ ಹೆಂಡತಿ. ಭಾಗ ಆದಾಗ ಒಂದು ಒರಳುಕಲ್ಲು ಯಾರಿಗೆ ಎಂಬ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟಿತ್ತು. ಒರಳುಕಲ್ಲಿನಲ್ಲಿ ರುಬ್ಬುವುದನ್ನು ಇಬ್ಬರೂ ನಿಲ್ಲಿಸಿ ಮಿಕ್ಸಿ ತಂದು ಎಷ್ಟೋ ಕಾಲವಾಗಿದೆ, ಮಾತು ಮಾತ್ರ ಶುರುವಾಗಿಲ್ಲ. ಹೇಳಲೇಬೇಕಾದದ್ದು ಇದ್ದರೆ ಇಬ್ಬರೂ ತಂತಮ್ಮ ಕೋಳಿಗೆ ಹೇಳುತ್ತಾರೆ, ಎದುರು ಮನೆಗೆ ಕೇಳಿಸುವಷ್ಟು ಜೋರಾಗಿ.

ಬೈಗುಳ ನಮ್ಮ ವಂಶದ ಆಸ್ತಿ ಎಂದರೂ ತಪ್ಪಿಲ್ಲ. ನಮ್ಮ ಮುತ್ತಾತ ಮುಳಬಾಗಿಲಿನ ಆಚೆ, ಆಂಧ್ರದ ಕಡೆಯಿಂದ ಬಂದವನಂತೆ. ದೊಡ್ಡಪ್ಪ ಹೇಳುವ ಪ್ರಕಾರ ಅವನು ಪಾಳೇಗಾರನ ಸೈನ್ಯದಲ್ಲಿ ಕತ್ತಿ ಹಿಡಿದಿದ್ದ ವೀರ. ಅಮ್ಮ ಹೇಳುವ ಪ್ರಕಾರ ಅತ್ತಿಗೆಯ ಬೈಗುಳ ತಾಳಲಾರದೆ ಓಡಿ ಬಂದವನು. ನಾನು ಅಮ್ಮನ ಕಥೆಯನ್ನೇ ನಂಬುತ್ತೇನೆ. ವೀರನ ವಂಶವಾಗಿದ್ದರೆ ಹಲ್ಲಿಗೆ ಹೆದರದ ಗಂಡಸು ನಮ್ಮಲ್ಲಿ ಒಬ್ಬನಾದರೂ ಇರಬೇಕಿತ್ತು.

ಅವನು ತಂದ ತೆಲುಗು ಇನ್ನೂ ಮನೆಯಲ್ಲಿದೆ. ನಾವು ಆಡುವುದು ಕನ್ನಡ, ಆದರೆ ಕೋಪ ಬಂದರೆ ತೆಲುಗು, ಮಗು ಮಲಗಿಸಲು ತೆಲುಗು, ಗುಟ್ಟು ಹೇಳಲು ತೆಲುಗು. ಊರಿಗೆಲ್ಲ ತೆಲುಗು ಬರುವುದರಿಂದ ನಮ್ಮ ಮನೆಯಲ್ಲಿ ಗುಟ್ಟು ಎಂಬುದು ಯಾವತ್ತೂ ಉಳಿಯಲಿಲ್ಲ. ಬೆಂಗಳೂರಿನಲ್ಲಿ ನಾನು ನಾಲ್ಕು ಮಾತಾಡಿದರೆ ಸಾಕು, “ನೀವು ತೆಲುಗಿನವರಾ?” ಎನ್ನುತ್ತಾರೆ. ಗಡಿಯಾಚೆ ಹೋಗಿ ಬಾಯಿ ತೆರೆದರೆ “ಮೀರು ಕನ್ನಡವಾಳ್ಳಾ?” ಎನ್ನುತ್ತಾರೆ. ಇಬ್ಬರಿಗೂ ನಾನು ಪಕ್ಕದ ಮನೆಯವಳು. ಈ ಪ್ರಶ್ನೆ ಕೇಳಿದವರಿಗೆಲ್ಲ ಮನಸ್ಸಿನಲ್ಲೇ ಎರಡೂ ಭಾಷೆಯಲ್ಲಿ ಉತ್ತರ ಕೊಟ್ಟಿದ್ದೇನೆ.

ಬಾಯಿಬಿಟ್ಟು ಬೈಯುವುದು ಮಾತ್ರ ನನಗೆ ಬರುತ್ತಿರಲಿಲ್ಲ. ನಾನು ಕೋಲಾರದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿದ್ದೇನೆ. ಗಂಟಲು ಗಟ್ಟಿಯಿದೆ ಎಂದು ಸಮಾರಂಭಗಳಲ್ಲಿ ಮೈಕು ನನ್ನ ಕೈಗೇ ಬರುತ್ತದೆ. ಮೈಕಿನ ಕನ್ನಡ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲಿ ಯಾರೂ ಬರುವುದಿಲ್ಲ, ‘ಆಗಮಿಸಿರತಕ್ಕಂತಹ’ವರೇ ಎಲ್ಲ. ಕುರ್ಚಿ ಎಳೆದುಕೊಂಡು ಕೂತವನು ‘ವೇದಿಕೆಯನ್ನು ಅಲಂಕರಿಸಿ’ರುತ್ತಾನೆ, ಅವನ ಮುಖ ನೋಡಿದರೆ ವೇದಿಕೆಗೇ ಅಯ್ಯೋ ಅನಿಸಬೇಕು. ಉಪ್ಪಿಟ್ಟು ತಿನ್ನಲು ಬನ್ನಿ ಎನ್ನುವುದಕ್ಕೆ ‘ಲಘು ಉಪಾಹಾರದ ವ್ಯವಸ್ಥೆಯನ್ನು ಕಲ್ಪಿಸಲಾಗಿದ್ದು’ ಎಂದು ಶುರುಮಾಡಿ ಮುಗಿಸುವಷ್ಟರಲ್ಲಿ ಉಪ್ಪಿಟ್ಟು ಆರಿರುತ್ತದೆ. ಇದನ್ನೆಲ್ಲ ಬೈಯುತ್ತಲೇ ನಾನೂ ಅದನ್ನೇ ಆಡುತ್ತೇನೆ, ಏಕೆಂದರೆ ಮೈಕು ಕೈಗೆ ಬಂದರೆ ನಾಲಿಗೆ ತಾನಾಗಿಯೇ ಇಸ್ತ್ರಿ ಹಾಕಿಕೊಳ್ಳುತ್ತದೆ.

ಈ ವರ್ಷ ಅಮ್ಮನ ಗಂಟಲಿನಲ್ಲಿ ಗಡ್ಡೆ ಆಗಿ ಆಪರೇಷನ್ ಆಯಿತು. ಗಡ್ಡೆ ಸ್ವರದ ನರಕ್ಕೇ ಅಂಟಿಕೊಂಡಿತ್ತಂತೆ. ತೆಗೆದ ಡಾಕ್ಟರು ಮೆಲ್ಲಗೆ ಮಾತಾಡಿಸಿ, “ನರ ಸುಧಾರಿಸಿಕೊಳ್ಳುವವರೆಗೆ ಕೂಗಬಾರದಮ್ಮ. ಒಂದು ಸಲ ಜೋರಾಗಿ ಕೂಗಿದರೂ ಸ್ವರ ಪೂರ್ತಿ ಹೋಗಿಬಿಡಬಹುದು,” ಎಂದರು. ಅಮ್ಮ ತಲೆಯಾಡಿಸಿದಳು. ಅವಳು ಅಷ್ಟು ಸುಲಭವಾಗಿ ತಲೆಯಾಡಿಸಿದ್ದು ನೋಡಿಯೇ ನನಗೆ ಅನುಮಾನ ಬಂತು, ರಜೆ ಹಾಕಿ ಊರಿಗೆ ಬಂದು ಜೊತೆಗೆ ಉಳಿದೆ.

ಅಮ್ಮನ ಬಾಯಿ ಬಂದ್ ಆಗಿರುವ ಸುದ್ದಿ ಊರಿಗೆ ಹಬ್ಬಿತು. ಅದೇ ವಾರ ತೋಟದಲ್ಲಿ ಸೊಪ್ಪು ಕಳುವಾಗತೊಡಗಿತು.

ಅದೂ ಎಂಥ ಹೊತ್ತಿನಲ್ಲಿ! ರೇಷ್ಮೆ ಹುಳ ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಎಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದು ಬಕಾಸುರನ ಹಾಗೆ ತಿನ್ನುವ ಕಾಲ. ಈಗ ಹೊಟ್ಟೆಗೆ ಕಡಿಮೆಯಾದರೆ ಗೂಡು ಕಟ್ಟುವುದಿಲ್ಲ, ಬೆಳೆ ಹೋದಂತೆಯೇ. ಬೆಳಿಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಬೋಳು, ಕುಡುಗೋಲಿನಲ್ಲಿ ಕೊಯ್ದ ಗುರುತು.

ತಮ್ಮ ಸಿಸಿಟಿವಿ ಹಾಕಿಸೋಣ ಎಂದ. ಅಮ್ಮ ಪಿಸುಗುಟ್ಟಿದಳು: “ಕ್ಯಾಮರಾ ನೋಡ್ತದೆ ಕಣೋ, ಬಯ್ಯಲ್ವಲ್ಲ.”

“ಹಂಗಾದ್ರೆ ಊರಿನ ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀನಿ.”

“ಹಾಕು. ಕದ್ದೋನೂ ಕೈ ಮುಗಿಯೋ ಬೊಂಬೆ ಕಳಿಸ್ತಾನೆ.”

ತಮ್ಮನ ಹೆಂಡತಿ ಮಾಲೂರಿನ ಕಡೆಯವಳು, ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಮುಖ ಗೊತ್ತಿಲ್ಲದ ಜನರನ್ನು ಅವಳು ಹೇಗೆ ಬೈದಾಳು? ಉಳಿದವಳು ನಾನು. ಅಮ್ಮ ನನ್ನನ್ನು ಹುಳು ಮನೆಯ ಹಿಂದೆ ಕರೆದುಕೊಂಡು ಹೋಗಿ ಪಾಠ ಶುರುಮಾಡಿದಳು. ಅವಳು ಪಿಸುಗುಟ್ಟಬೇಕು, ನಾನು ಕೂಗಬೇಕು. ‘ಕೈಗೆ ಕಜ್ಜಿ ಹತ್ತ’ ಎಂದು ಅವಳು ಹೇಳಿಕೊಟ್ಟದ್ದು ನನ್ನ ಬಾಯಲ್ಲಿ ‘ನಿಮ್ಮ ಕೈಗೆ ಚರ್ಮರೋಗ ತಗುಲಲಿ’ ಎಂದು ಬಂತು.

“ಅದು ಶಾಪ ಅಲ್ಲ ಕಣೇ, ಡಾಕ್ಟರ್ ಚೀಟಿ,” ಎಂದಳು ಅಮ್ಮ.

ಆದರೂ ಆ ಸಂಜೆ ಹೊರಟೆ. ಬೀದಿಯ ಮೇಲ್ತುದಿಯಲ್ಲಿ ನಿಂತು ಸೆರಗು ಸಿಕ್ಕಿಸಿದೆ, ಕೆಮ್ಮಿದೆ, ಗಂಟಲು ಸರಿಮಾಡಿಕೊಂಡೆ. ಬಾಯಿ ಬಿಟ್ಟರೆ ಬಂದದ್ದು, “ನಮ್ಮ ತೋಟದಲ್ಲಿ ಸೊಪ್ಪನ್ನು ಕೊಯ್ದುಕೊಂಡು ಹೋಗಿರತಕ್ಕಂತಹ…” ಅಷ್ಟೇ. ಜಗಲಿಯ ಮೇಲೆ ಕೂತಿದ್ದ ಅಜ್ಜನೊಬ್ಬ “ಎಲೆಕ್ಷನ್ ಬಂತೇನ್ಲಾ?” ಎಂದು ಮೊಮ್ಮಗನನ್ನು ಕೇಳಿದ. ಪಂಚಾಯಿತಿಯವರು ನೀರು ಬಿಡುವ ಸುದ್ದಿ ಸಾರುತ್ತಿದ್ದಾರೆಂದು ಹೆಂಗಸರು ಕೊಡ ಹಿಡಿದು ಹೊರಗೆ ಬಂದರು. ಬಂದವರಿಗೆ ನೀರಿಲ್ಲ ಎಂದು ಹೇಳಿ ಕಳಿಸುವುದೇ ನನ್ನ ಕೆಲಸವಾಯಿತು.

ಮರುದಿನ ಇನ್ನಷ್ಟು ಸೊಪ್ಪು ಹೋಗಿತ್ತು. ಕಳ್ಳನಿಗೆ ಈಗ ಧೈರ್ಯವೂ ಬಂದಿತ್ತು, ಬದುವಿನ ಮೇಲೆ ಕೂತು ಬೀಡಿ ಸೇದಿ ತುಂಡು ಬಿಟ್ಟು ಹೋಗಿದ್ದ.

ಅಮ್ಮ ಆ ತುಂಡನ್ನು ನೋಡಿದಳು. “ಇವತ್ತು ನಾನೇ ಬಯ್ತೀನಿ,” ಎಂದಳು.

“ಗಂಟಲು ಹೋಗ್ತದೆ ಅಮ್ಮಾ. ಡಾಕ್ಟರ್ ಹೇಳಿದ್ದು ಕೇಳಿಸ್ಲಿಲ್ವಾ?”

“ಸೊಪ್ಪು ಹೋದ್ಮೇಲೆ ಗಂಟ್ಲಿಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ಲಾ?”

ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳು ಹಟ ಹಿಡಿದದ್ದನ್ನು ಬಿಟ್ಟದ್ದು ನಾನು ಕಂಡಿಲ್ಲ. ನನಗೆ ನಿಜವಾಗಿ ಭಯವಾಯಿತು. ಚಿಕ್ಕವಳಿದ್ದಾಗ ಕೆರೆಯ ಏರಿಯ ಮೇಲೆ ಆಡುತ್ತಿದ್ದರೆ ಮನೆಯ ಬಾಗಿಲಿನಿಂದಲೇ ನನ್ನನ್ನು ಊಟಕ್ಕೆ ಎಳೆದು ತರುತ್ತಿದ್ದ ಸ್ವರ ಅದು. ಅದರಿಂದ ತಪ್ಪಿಸಿಕೊಳ್ಳಲೆಂದೇ ನಾನು ಎಷ್ಟೋ ಸಲ ಹಿತ್ತಲಿಗೆ ಓಡಿದ್ದೇನೆ. ಈಗ ಅದು ಇಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಏನೇ ಆಗಲಿ, ಅವಳಿಗೆ ಬಾಯಿ ತೆರೆಯಲು ಬಿಡಬಾರದೆಂದು ನಿರ್ಧರಿಸಿದೆ.

“ನಾನು ಬಯ್ತೀನಿ. ನೀನು ಹಿಂದೆ ಬಾ, ಹೇಳಿಕೊಡು. ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಆಮೇಲೆ ನಿನ್ನಿಷ್ಟ,” ಎಂದೆ.

“ಆಗ್ಲಿಲ್ಲ ಅಂದ್ರೆ ಅಲ್ಲೇ ಬಯ್ತೀನಿ,” ಎಂದಳು. ಇದು ನಮ್ಮ ಒಪ್ಪಂದ.

ಕಳ್ಳ ಯಾರೆಂದು ಕೊನೆಗೆ ಹೇಳುತ್ತೇನೆಂದು ಕಾಯಬೇಡಿ. ನಮಗೇ ಗೊತ್ತಾಗಲಿಲ್ಲ. ಆ ಸಂಜೆಯ ನಂತರ ಕಳವು ನಿಂತಿತು, ಹುಳ ಹಣ್ಣಾಗಿ ಗೂಡು ಕಟ್ಟಿದವು. ಹೇಳಬೇಕಾದದ್ದು ಬೇರೆ ಇದೆ.

ಸಂಜೆ ಅಮ್ಮ ಕತ್ತಿಗೆ ಟವೆಲು ಸುತ್ತಿಕೊಂಡು ನನ್ನ ಬೆನ್ನಿಗೇ ಬಂದಳು. ಅವಳು ಪಿಸುಗುಟ್ಟಿದ್ದನ್ನು ಒಂದಕ್ಷರ ತಿದ್ದದೆ ಕೂಗಿದೆ. “ನಮ್ ಸೊಪ್ಪು ಕೊಯ್ದೋನ್ ಕೈಗೆ ಕಜ್ಜಿ ಹತ್ತ! ಕೆರ್ಕೊಳ್ಳೋಕೆ ಉಗುರಿಲ್ದಂಗಾಗ! ಕದ್ ಸೊಪ್ಪು ತಿಂದ್ ಹುಳ ಹಾಲುರೋಗ ಬಂದು ಸೋರ್ಹೋಗ!” ಈ ಸಲ ಯಾರೂ ಕೊಡ ಹಿಡಿದು ಬರಲಿಲ್ಲ. ಬಾಗಿಲುಗಳಲ್ಲಿ ಜನ ನಿಂತು ಕೇಳಿದರು, ಒಬ್ಬಿಬ್ಬರು ಟೀವಿಯ ಸದ್ದನ್ನೂ ಕಡಿಮೆ ಮಾಡಿದರು. ನನಗೆ ಹುರುಪು ಬಂತು. ಆಗಸ್ಟ್ ಹದಿನೈದರಂದು ಮೈಕಿನ ಮುಂದೆ ಒಮ್ಮೆಯೂ ಬಾರದ ಹುರುಪು ಅದು.

ಬೀದಿಯ ನಡುವಿಗೆ ಬರುವ ಹೊತ್ತಿಗೆ ಪಕ್ಕದ ರಾಗಿ ಮಿಷನ್ ಶುರುವಾಯಿತು. ಅಮ್ಮನ ಪಿಸುಮಾತು ಆ ಗಡಗಡದಲ್ಲಿ ಮುಳುಗಿತು. ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಏನು ಹೇಳುತ್ತಿದ್ದಾಳೆಂದು ತಿಳಿಯಲು ನಾನು ನಿಂತೆ.

ನಿಂತ ಮೇಲೆ ನೋಡಿದರೆ ಅದು ಚಿಕ್ಕಮ್ಮನ ಬಾಗಿಲು.

ನಾನು ಕಳವನ್ನು ಆ ಮನೆಯ ಮೇಲೇ ಹೊರಿಸುತ್ತಿದ್ದೇನೆಂದು ಬೀದಿಯವರೆಲ್ಲ ಅರ್ಥ ಮಾಡಿಕೊಂಡುಬಿಟ್ಟರು. ಚಿಕ್ಕಮ್ಮ ಒಳಗಿನಿಂದ ಬಂದು ಹೊಸಿಲಲ್ಲಿ ನಿಂತಳು, ಕೈಯಲ್ಲಿ ಮುದ್ದೆ ತಿರುವುವ ಕೋಲು. ಮುಂದಕ್ಕೆ ನಡೆಯಬೇಕೆಂದು ಗೊತ್ತಿತ್ತು, ಆದರೆ ಏನು ಕೂಗುತ್ತಾ ನಡೆಯುವುದು? ತಿರುಗಿ ನೋಡಿದೆ. ಅಮ್ಮ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದಳು. ಎದೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರು ನನಗೆ ಚೆನ್ನಾಗಿ ಗೊತ್ತು, ಅದರ ಹಿಂದೆಯೇ ಕೂಗು ಬರುತ್ತದೆ.

ಅದು ಬರುವ ಮೊದಲೇ ನಾನು ಕಿರುಚಿದೆ. ಏನು ಕಿರುಚುತ್ತೇನೆಂದು ನನಗೇ ತಿಳಿದಿರಲಿಲ್ಲ. “ನೀ ಚೇತುಲು ಪಡಿಪೋನು! ನೀ ನೋಟ್ಲೋ ಮನ್ನು ಪಡ!” ನಿನ್ನ ಕೈ ಬಿದ್ದುಹೋಗ, ನಿನ್ನ ಬಾಯಿಗೆ ಮಣ್ಣು ಬೀಳ. ಅಮ್ಮ ಹೇಳಿಕೊಟ್ಟದ್ದಲ್ಲ. ಅಜ್ಜಿಯ ಬಾಯಲ್ಲಿ ಕೇಳಿದ್ದೋ, ಅವಳ ಅತ್ತೆಯದೋ, ಮುತ್ತಾತನನ್ನು ಓಡಿಸಿದ ಆ ಮಹಾತಾಯಿಯದೋ. ಮಿಷನ್ನಿನ ಸದ್ದನ್ನೂ ಮೀರಿ ಹೋಯಿತು. ಅದೂ ಚಿಕ್ಕಮ್ಮನ ಮುಖಕ್ಕೆ ನೇರವಾಗಿ.

ಚಿಕ್ಕಮ್ಮ ಮೆಟ್ಟಿಲಿಳಿದಳು. ಇವತ್ತು ಕೋಲು ಮುರಿಯುತ್ತದೆ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಅವಳು ನನ್ನನ್ನು ದಾಟಿಕೊಂಡು ಅಮ್ಮನನ್ನೇ ನೋಡಿದಳು. ಅಮ್ಮನ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು, ಕತ್ತಿನ ಮೇಲೆ ಹೊಲಿಗೆಯ ಗುರುತು ಕೆಂಪಗೆ ಕಾಣುತ್ತಿತ್ತು.

“ಅಕ್ಕಾ, ನೀನು ಬಾಯ್ ಮುಚ್ಚು,” ಎಂದಳು ಚಿಕ್ಕಮ್ಮ. ಕೋಳಿಗೆ ಹೇಳಲಿಲ್ಲ, ಅಮ್ಮನಿಗೇ ಹೇಳಿದಳು. “ಮಗಳಿಗೆ ನಿನ್ ಗಂಟ್ಲು ಬಂದೈತೆ. ಇನ್ನ ಸುಮ್ಕಿರು. ನಿಂಗೇನಾರ ಆದ್ರೆ ನಾನು ಯಾರ್ನ ಬಯ್ಲಿ?” ಆಮೇಲೆ ಕೋಲಿನಿಂದ ಬೀದಿಯ ಕೆಳತುದಿಯನ್ನು ತೋರಿಸುತ್ತಾ ನನ್ನ ಕಡೆ ತಿರುಗಿದಳು. “ನೀನ್ಯಾಕೆ ಇಲ್ಲಿ ನಿಂತೆ? ನಮ್ಮನೇಲೇನು ಸೊಪ್ಪಿಟ್ಟಿದೀವಾ? ನಡಿಯೇ ಮುಂದಕ್ಕೆ!”

ಅಮ್ಮ ಬಾಯಿ ಮುಚ್ಚಿದಳು. ಯಾರ ಮಾತಿಗೂ ಮುಚ್ಚದ ಬಾಯನ್ನು ಆ ಒಬ್ಬಳ ಮಾತಿಗೆ ಮುಚ್ಚಿ, ಟವೆಲನ್ನು ಮತ್ತೆ ಕತ್ತಿಗೆ ಸುತ್ತಿಕೊಂಡು ಚಿಕ್ಕಮ್ಮನ ಮೆಟ್ಟಿಲ ಮೇಲೆ ಕೂತಳು. ನನಗೆ ಅಳು ಬಂತು. ಆದರೆ ಅಳುತ್ತಾ ಬೈದರೆ ಯಾವ ಕಳ್ಳನೂ ಹೆದರುವುದಿಲ್ಲ, ಇನ್ನೂ ಅರ್ಧ ಬೀದಿ ಬಾಕಿಯಿತ್ತು. ಮೂಗು ಒರೆಸಿಕೊಂಡು ಮತ್ತೆ ಶುರುಮಾಡಿದೆ.