ಹಾಲಿನ ಸಾಲು

ಹಾಲಿನ ಪುಡಿಯನ್ನು ನೀರಿಗೆ ಕದಡಿದಾಗ ಏಳುವ ಆ ಹಸಿ ವಾಸನೆ ಇವತ್ತು ಬೆಳಿಗ್ಗೆ ಮೂಗಿಗೆ ಬಡಿಯಿತು ನೋಡಿ, ಅಕ್ಕೋರು ಪಕ್ಕದಲ್ಲೇ ಬಂದು ನಿಂತಂತಾಯಿತು...

ಬೆಳಗಾವಿಯ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಅವರು. ದೊಡ್ಡ ವಿಜ್ಞಾನಿ. ನಾವು ಕರೆಯುತ್ತಿದ್ದುದು ಮಾತ್ರ ಶಾಲೆಯ ಮಕ್ಕಳಂತೆ, ಅಕ್ಕೋರು ಎಂದೇ. ಊರು ಖಾನಾಪುರದ ಕಡೆಯ ಬೀಡಿ ಎಂಬ ಹಳ್ಳಿ. ಅಲ್ಲಿ ಭತ್ತದ ಗದ್ದೆಯಲ್ಲಿ ಅವರ ತಮ್ಮನಿಗೆ ಹಾವು ಕಚ್ಚಿತ್ತು. ಕೇರೆಹಾವಿರಬೇಕು, ನೋಡೋಣ ಎಂದು ಮನೆಯವರು ಕಾದರು. ಕಚ್ಚಿದ್ದು ಕೊಳಕುಮಂಡಲ. ತಮ್ಮ ಉಳಿಯಲಿಲ್ಲ. ಒಂದು ಹನಿ ರಕ್ತ ನೋಡಿ ವಿಷ ಏರಿದೆಯೋ ಇಲ್ಲವೋ ಹೇಳುವ ಪರೀಕ್ಷೆ ತಮ್ಮ ತಾಲ್ಲೂಕಿನ ಆಸ್ಪತ್ರೆಗೆ ಬರಬೇಕು ಎಂಬುದೊಂದೇ ಅವರ ಹಟ.

ಅದಕ್ಕೆ ಬೇಕಾದದ್ದು ಆ ವಿಷವನ್ನು ಮಾತ್ರ ಹಿಡಿಯುವ ಮೋನೋಕ್ಲೋನಲ್ ಪ್ರತಿಕಾಯ. ಪ್ಲೇಟಿನ ಸಣ್ಣ ಗುಳಿಗಳ ತಳಕ್ಕೆ ವಿಷ ಅಂಟಿಸಿ, ಖಾಲಿ ಉಳಿದ ಜಾಗವನ್ನು ಹಾಲಿನ ನೀರಿನಿಂದ ಮುಚ್ಚಿ, ಮೇಲೆ ಪ್ರತಿಕಾಯ ಹಾಕುತ್ತಿದ್ದೆವು. ಅದು ಹಿಡಿದುಕೊಂಡರೆ ಕೊನೆಗೆ ಗುಳಿ ಹಳದಿಯಾಗುತ್ತದೆ. ಹಳದಿ ಬಂದದ್ದನ್ನು ಅಕ್ಕೋರು ಮತ್ತೊಮ್ಮೆ, ವಿಷವಿಲ್ಲದೆ ಬರೀ ಹಾಲು ಬಳಿದ ಸಾಲಿನಲ್ಲಿ ಹಾಕಿಸುತ್ತಿದ್ದರು. ಆ ಸಾಲಿಗೆ ಬಣ್ಣ ಬರಲೇಬಾರದು; ಬಂದರೆ ಪ್ರತಿಕಾಯ ಹಿಡಿದದ್ದು ವಿಷವನ್ನಲ್ಲ, ಹಾಲನ್ನು.

ಮೊದಲ ಸಲ ಹಳದಿ ಕಂಡದ್ದೇ ನಾನು ಪೇಟೆಗೆ ಓಡಿ, ಸಿಹಿ ಹಂಚಲೆಂದು ಕುಂದಾ ತಂದೆ. ಅಕ್ಕೋರು ಮುಚ್ಚಳ ತೆಗೆಯಲೂ ಬಿಡಲಿಲ್ಲ.

“ತಡಿಯವ್ವಾ, ಹಾಲಿನ ಸಾಲು ನೋಡೂಣು.”

ನೋಡಿದರೆ ಅದೂ ಅರಿಶಿನ ಕಲಸಿದಂತೆ ಹಳದಿ! ನನಗೆ ಅಳು, ಅವರಿಗೆ ನಗು.

“ಇದು ಪಂಚಮಿ ಹಾಲಿಗೆ ಬಂದದ್ದು, ಹಾವು ಹಿಡಿಯಾಕಲ್ಲ. ಇದನ್ನ ನಂಬಿದ್ರ ಎಲ್ಲಾರ ರಕ್ತದಾಗೂ ವಿಷ ಐತಿ ಅಂತೈತಿ. ಚೆಲ್ಲು.”

ಕುಂದಾ ಪಕ್ಕದ ವಿಭಾಗಕ್ಕೆ ಹೋಯಿತು. ಆಮೇಲೆ ಅದೇ ರೂಢಿಯಾಯಿತು. ನಾನೋ ಹಳದಿ ಕಂಡರೆ ಕಾಲು ನಿಲ್ಲದವಳು. ತರುವುದು, ಹಾಲಿನ ಸಾಲು ಕೆಡುವುದು, ಪಕ್ಕದವರು ಬಾಯಿ ಚಪ್ಪರಿಸುವುದು. ಪುಣ್ಯಾತ್ಮರು ನಮ್ಮ ಸೋಲಿಗೇ ಕಾದು ಕೂರುತ್ತಿದ್ದರು! ಹಿಂದವಾಡಿಯ ತಮ್ಮ ಮನೆಗೆ ಹೋದರೆ ರೊಟ್ಟಿಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಹೊಟ್ಟೆ ಬಿರಿಯುವಂತೆ ಉಣಿಸುತ್ತಿದ್ದ ಅಕ್ಕೋರು, ಆ ಕುಂದಾದ ಒಂದು ಚೂರನ್ನೂ ಬಾಯಿಗಿಡಲಿಲ್ಲ. ಎಷ್ಟು ಇಷ್ಟಪಟ್ಟಿದ್ದೆ ನಾನು ಆ ಹಟಮಾರಿಯನ್ನು! ನಿವೃತ್ತಿಯ ದಿನವೂ ಅದೇ ಮಾತು: “ಖರೇ ಸಿಕ್ಕ ದಿನ ಮನಿಗೇ ತಾ, ಇಬ್ರೂ ಕೂಡಿ ತಿನ್ನೂಣು.”

ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟರು...

ಇವತ್ತು ವಿಷದ ಗುಳಿ ಹಳದಿಯಾಯಿತು. ಹಾಲಿನ ಸಾಲು ಸಂಜೆಯವರೆಗೂ ತಿಳಿನೀರಾಗಿಯೇ ಉಳಿಯಿತು. ಆಸ್ಪತ್ರೆ ಮುಟ್ಟಲು ಇನ್ನೂ ಬಹಳ ದಾರಿ ಇದೆ, ಗೊತ್ತು. ಆದರೂ ಕಾಲು ಪೇಟೆಗೇ ಓಡಿತು. ಡಬ್ಬಿ ಕಂಡದ್ದೇ ಪಕ್ಕದವರು ಇಣುಕಿದರು.

“ಮತ್ತ ಕೆಟ್ಟತೇನ್ರೀ? ಕೊಡ್ರಿ ಇತ್ತಾಗ!”

“ಇಲ್ರೀ, ಈ ಸಲ ಕೆಟ್ಟಿಲ್ಲ,” ಎಂದೆ.

ಅವರು ಚಾಚಿದ ಕೈ ಹಿಂದೆ ತೆಗೆದುಕೊಂಡರು. ನಾನು ಮುಚ್ಚಳದ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಕೂತೆ. ತಡಿಯವ್ವಾ ಎನ್ನುವವರು ಯಾರೂ ಇರಲಿಲ್ಲ.