ಬೆನ್ನ ಮ್ಯಾಲಿನ ರಾಡಿ

ಬ್ಯಾಡಗಿ ಮೆಕ್ಯಾನಿಕ್ ಖಾದರಸಾಬ ನನ್ನ ಹಳೇ ಗೆಳೆಯ. ನನ್ನ ಬೈಕಿನ ಕಂಪನಿ ಮಡಗಾರ್ಡ್, ಸೈಲೆನ್ಸರ್ ಬಿಚ್ಚಿಬಿಡು, ಚಂದ ಕಾಣತೈತಿ ಅಂದ್ರ ಒಪ್ಪಲಿಲ್ಲ. "ಬೆನ್ನತುಂಬ ರಾಡಿ ಹೊಡಸ್ಕೊಂತಿ, ನೋಡು" ಅಂದ. ನಾ ರಾಣೇಬೆನ್ನೂರಿಗೆ ಹೋಗಿ ಬಿಚ್ಚಿಸಿದೆ.

ಮೊನ್ನೆ ಅಂವ ತೀರಿಕೊಂಡಾನಂತ ಸುದ್ದಿ ಬಂತು. ಹೆಗಲ ಕೊಡೂದು ತಪ್ಪಬಾರದಂತ ಬಿಳಿ ಅಂಗಿ ಹಾಕ್ಕೊಂಡು ಅದೇ ಬೈಕ್ ಮ್ಯಾಲ ಮಳಿಯಾಗ ಹೊಂಟೆ. ಸಪ್ಪಳಾದೀತಂತ ಅವರ ಓಣಿ ತುದಿಗೆ ಬಂದ್ ಮಾಡಿ, ತಳ್ಳಿಕೊಂಡು ಹೋದೆ.

ಜನಾಜಾ ಎತ್ತಾಕ ನಿಂತಿದ್ರು. ಬೆನ್ನಿನ ರಾಡಿ ನೆನಪಾಗಿ ನಾ ಗ್ವಾಡಿಗೆ ಒತ್ತಿ ನಿಂತೆ. ಅವನ ತಮ್ಮ ನೋಡೇಬಿಟ್ಟ.

"ಅಣ್ಣ ಬ್ಯಾಡಂದಿದ್ದ. ಬಿಚ್ಚಿಸೀರೇನ್ರಿ?"

"ಹೂಂನಪಾ."

"ಮುಂದ ಬಂದು ಹೆಗಲ ಕೊಡ್ರಿ. ಬೆನ್ನು ಅಣ್ಣಗ ಕಾಣ್ಲಿ."

ಕೊಟ್ಟೆ. ಗೆದ್ದಂವನ್ನ ಹೆಗಲ ಮ್ಯಾಲ ಹೊರತಾರಲ್ರಿ, ಸೋತಂವ ನಾನ ಹೊತ್ತೆ.