ಪಿಟೀಲು ಮಾಡಿದ ರಿಪೇರಿ

ಆ ಹುಡುಗಿಗೆ ಮನೆಯಲ್ಲಿ ಪಿಟೀಲು ಎಂದು ಹೆಸರು. ಚಿಕ್ಕಂದಿನಲ್ಲಿ ಏನಾದರೂ ಬೇಕೆಂದರೆ ಅದು ಕೈಗೆ ಸಿಗುವವರೆಗೂ ಅಪ್ಪನ ಹಿಂದೆ ಮುಂದೆ ಸುತ್ತುತ್ತ ಕುಯ್ಯುತ್ತಲೇ ಇರುತ್ತಿದ್ದಳಂತೆ, ಹೆಸರಿಟ್ಟವನು ಅಪ್ಪನೇ. ಅಂಥ ಮಾತಿನ ಮಲ್ಲಿ ಈಗ ತನ್ನ ಪರಿಚಯವನ್ನು ನಾಲ್ಕು ಸಾಲಿನಲ್ಲಿ ಬರೆಯಲು ಬಾರದೆ, ಡಯಾಲಿಸಿಸ್ ವಿಭಾಗದ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಕೂತಿದ್ದಳು. ಒಳಗೆ ಅಪ್ಪನ ರಕ್ತ ಯಂತ್ರದೊಳಗೆ ಸುತ್ತುತ್ತಿತ್ತು.

ಪರಿಚಯ ಬರೆಯಬೇಕಾಗಿದ್ದುದು ಒಂದು ಬಳಗಕ್ಕೆ. ಆಸ್ಪತ್ರೆಗಳಲ್ಲಿ ರೋಗಿಗಳ ಲೆಕ್ಕ, ಸರದಿ, ಔಷಧಿ ನೋಡಿಕೊಳ್ಳುವ ತಂತ್ರಾಂಶವೊಂದನ್ನು ಹತ್ತಾರು ದೇಶಗಳ ಜನ ಸೇರಿ ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದರು. ಅದರೊಳಗೆ ಯಾರು ಬೇಕಾದರೂ ಇಣುಕಿ ನೋಡಬಹುದು, ಕೆಟ್ಟಿದ್ದರೆ ರಿಪೇರಿ ಮಾಡಿ ಕೊಡಬಹುದು. ಹೊಸಬರು ಮಾತ್ರ ಮೊದಲು ‘ಪರಿಚಯ’ ಎನ್ನುವ ಪುಟದಲ್ಲಿ ತಾವು ಯಾರು, ಏಕೆ ಬಂದೆವು ಎಂದು ಹೇಳಿಕೊಳ್ಳಬೇಕು.

ಆ ಪುಟವನ್ನು ನೋಡಬೇಕು ನೀವು. ‘ನಮಸ್ಕಾರ, ನಾನು ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಆರೋಗ್ಯ ಕ್ಷೇತ್ರದಲ್ಲಿ ಬದಲಾವಣೆ ತರುವ ತುಡಿತ ನನ್ನದು. ಕೊಡುಗೆ ನೀಡಲು ಕಾತರನಾಗಿದ್ದೇನೆ.’ ಅವನ ಕೆಳಗೆ ಇನ್ನೊಬ್ಬ, ಅವನಿಗೂ ತುಡಿತ. ಅದರ ಕೆಳಗಿನವಳಿಗೆ ತುಡಿತ, ಕಾತರ ಎರಡೂ. ಜ್ವರದ ಮಾತ್ರೆ ಯಾವುದು, ನೆಗಡಿಯ ಮಾತ್ರೆ ಯಾವುದು ಎಂದು ಗೊತ್ತಿಲ್ಲದ ಹುಡುಗ ಹುಡುಗಿಯರೆಲ್ಲ ಜಗತ್ತಿನ ಆರೋಗ್ಯ ಸುಧಾರಿಸಲು ಸಾಲುಗಟ್ಟಿ ನಿಂತಿದ್ದರು. ರಜೆಯಲ್ಲಿ ಬಳಗ ಕೆಲವು ವಿದ್ಯಾರ್ಥಿಗಳನ್ನು ಆರಿಸಿ ಕೆಲಸ ಕೊಡುತ್ತದೆ, ಸರ್ಟಿಫಿಕೇಟು ಕೊಡುತ್ತದೆ. ಎಲ್ಲರ ಕಣ್ಣೂ ಅದರ ಮೇಲೆ. ತಪ್ಪೇನಿಲ್ಲ, ಓದುವ ಮಕ್ಕಳು, ಅವರಿಗೂ ಹೊಟ್ಟೆಪಾಡಿದೆ. ಪಿಟೀಲೂ ಮೊದಲ ಸಲ ಅದನ್ನೇ ನೋಡಿಕೊಂಡು ಹಾಗೆಯೇ ಬರೆದಿದ್ದಳು. ಯಾರೂ ತಿರುಗಿ ನೋಡಲಿಲ್ಲ.

ಅವಳು ಅಲ್ಲಿಗೆ ಬಂದದ್ದಕ್ಕೆ ಕಾರಣ ಬೇರೆಯೇ ಇತ್ತು. ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಯೂ ಒಂದು ಬ್ರೇಕು ಇಟ್ಟುಕೊಂಡು ಕೂತು ಅರ್ಧ ಊರಿಗೆ ಗಾಡಿ ಕಲಿಸಿದವನು. ಯಾರನ್ನೂ ಬೈದವನಲ್ಲ. ಶಿಷ್ಯ ಗೋಡೆಗೆ ಗುದ್ದಿದರೂ, “ಪರವಾಗಿಲ್ಲ ಬಿಡಿ, ಗೋಡೆ ಎಲ್ಲಿದೆ ಅಂತ ಗೊತ್ತಾಯ್ತಲ್ಲ” ಎನ್ನುತ್ತಿದ್ದ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಕುರ್ಚಿಯಲ್ಲಿ ಮಲಗುವುದೇ ಅವನ ಉದ್ಯೋಗವಾಯಿತು.

ಒಂದು ದಿನ ಹಳೆಯ ಶಿಷ್ಯನೊಬ್ಬ, ಮೇಷ್ಟ್ರನ್ನು ನಾನೇ ಆಸ್ಪತ್ರೆಗೆ ಬಿಡುತ್ತೇನೆ ಎಂದು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಗುರುವಿನ ಎದುರು ಎಡವಟ್ಟಾಗಬಾರದೆಂದು ಅವನು ಯಾರನ್ನೂ ಹಿಂದೆ ಹಾಕಲಿಲ್ಲ, ಹಳದಿ ದೀಪ ಕಂಡಲ್ಲೆಲ್ಲ ನಿಂತ, ಸೈಕಲ್ಲುಗಳಿಗೂ ದಾರಿ ಬಿಟ್ಟ. ತಲುಪುವ ಹೊತ್ತಿಗೆ ಸರದಿ ಮೀರಿಹೋಗಿತ್ತು. “ನಾನೇ ಕಲಿಸಿದ್ದು, ಯಾರಿಗೆ ಬೈಲಿ?” ಎಂದು ಅಪ್ಪ ನಗುತ್ತಲೇ ಒಳಗೆ ಹೋದ.

ನಗುವ ವಿಷಯವಾಗಿರಲಿಲ್ಲ. ರೋಗಿ ಹೊತ್ತಿಗೆ ಸರಿಯಾಗಿ ಬರದಿದ್ದರೆ ಸಿಸ್ಟರ್ ಪರದೆಯ ಮೇಲೆ ‘ಬಂದಿಲ್ಲ’ ಎನ್ನುವುದನ್ನು ಒತ್ತಬೇಕು. ಒತ್ತಿದರೆ ಮಾತ್ರ ಆ ಕುರ್ಚಿಗೆ ಇನ್ನೊಬ್ಬರನ್ನು ಕರೆಯಲು ಬರುತ್ತದೆ. ನ್ಯಾಯವಾಗಿ ಅವತ್ತಿನ ಸರದಿಯೊಂದೇ ಹೋಗಬೇಕು. ಆ ತಂತ್ರಾಂಶ ಮಾತ್ರ ಆ ರೋಗಿಯ ಮುಂದಿನ ಸರದಿಗಳನ್ನೆಲ್ಲ ಗುಡಿಸಿ ಹಾಕಿಬಿಡುತ್ತಿತ್ತು. ಖಾಲಿಯಾದ ಕುರ್ಚಿಗಳಿಗೆ ಕಾಯುತ್ತಿದ್ದವರ ಹೆಸರು ತಾನಾಗಿಯೇ ಏರಿ ಕೂರುತ್ತಿತ್ತು. ಕಣ್ಣು ಮಿಟುಕಿಸುವುದರಲ್ಲಿ ಅಪ್ಪ ಸಾಲಿನ ತುದಿಗೆ ಬಿದ್ದ.

“ನನ್ನ ಕೈಲಿ ಏನಿದೆ ಸಾರ್?” ಎಂದರು ಸಿಸ್ಟರ್. “ಒತ್ತದೆ ಇದ್ರೆ ಇನ್ನೊಬ್ರಿಗೆ ಕುರ್ಚಿ ಇಲ್ಲ. ಒತ್ತಿದ್ರೆ ನಿಮಗಿಲ್ಲ. ಈಗ ಸಿಕ್ಕಿರೋರಿಂದ ಕಿತ್ತು ಕೊಡೋಕಾಗುತ್ತಾ, ಅವರೂ ನಿಮ್ಮ ಹಾಗೇ ಅಲ್ವಾ?”

ಇನ್ನೊಂದು ಸರದಿ ಸಿಗುವಷ್ಟರಲ್ಲಿ ಅಪ್ಪನ ಕಾಲು ಬಾತು ಕಂಬದಂತಾಗಿತ್ತು. ಮಲಗಿದರೆ ಉಸಿರು ನಿಲ್ಲುತ್ತದೆಂದು ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ಕೊನೆಗೆ ತುರ್ತು ವಿಭಾಗಕ್ಕೆ ಹೊತ್ತುಕೊಂಡು ಹೋದರು, ಉಳಿದದ್ದೇ ಹೆಚ್ಚು. ಸರದಿ ಅಳಿಸಿಹೋದ ದಿನ ಸಿಸ್ಟರ್ ಮೇಜಿನ ಎದುರು ನಿಂತಿದ್ದ ಪಿಟೀಲಿಗೆ ಪರದೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಂತ್ರಾಂಶದ ಹೆಸರು ಕಂಡಿತು. ತನ್ನ ಓದೂ ಕಂಪ್ಯೂಟರಿನದೇ ತಾನೇ, ಹುಡುಕಿಕೊಂಡು ಹೋದಳು.

ಬೆಂಚಿನ ಮೇಲೆ ಕೂತು ಎರಡನೆಯ ಸಲ ಬರೆದ ಪರಿಚಯದಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ‘ನನ್ನ ಅಪ್ಪನ ಒಂದು ಸರದಿ ತಪ್ಪಿತು. ನಿಮ್ಮ ತಂತ್ರಾಂಶ ಉಳಿದ ಸರದಿಗಳನ್ನೂ ಅಳಿಸಿತು. ಅವನು ಸಾಯುವ ಹಾಗಾಗಿದ್ದ. ನನಗೆ ಹೆಚ್ಚೇನೂ ಬರುವುದಿಲ್ಲ. ಇದನ್ನು ಸರಿಮಾಡುವುದು ಹೇಗೆಂದು ಯಾರಾದರೂ ಹೇಳಿಕೊಡಿ.’

ಈ ಸಲ ಪುಟ ತುಂಬ ಕೆಂಪು ಹೃದಯಗಳು ಬಂದು ಬಿದ್ದವು. ಮುಗಿದ ಕೈಗಳು ಬಂದವು. ‘ಧೈರ್ಯವಾಗಿರು ಗೆಳತಿ’ ಎಂದರು. ಯಾವ ಬಾಗಿಲು ತಟ್ಟಬೇಕು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಅಪ್ಪನಿಗೆ ತೋರಿಸಿದರೆ ಅವನು, “ಕಿಡ್ನಿ ಕೇಳಿದ್ರೆ ಹಾರ್ಟ್ ಕೊಡ್ತಿದಾರಲ್ಲೇ!” ಎಂದು ಕೆಮ್ಮು ಬರುವವರೆಗೂ ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು.

ಕಡೆಗೆ ಬಳಗದ ಹಿರಿಯರೊಬ್ಬರು ಉತ್ತರಿಸಿದರು. ದೂರದ ದೇಶದಲ್ಲಿ ವೈದ್ಯೆಯಾಗಿದ್ದು, ಬಿಡುವಿನಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದ ಅವರನ್ನು ಪಿಟೀಲು ಮನೆಯಲ್ಲಿ ಡಾಕ್ಟರಮ್ಮ ಎನ್ನುತ್ತಿದ್ದಳು. ಈ ದೋಷ ಗೊತ್ತಿರುವುದೇ, ಸರಿಮಾಡುವುದಾಗಿ ಒಬ್ಬ ವಿದ್ಯಾರ್ಥಿ ಆಗಲೇ ಒಪ್ಪಿಕೊಂಡಿದ್ದಾನೆ ಎಂದು ಬರೆದರು. ಒಬ್ಬರು ‘ಇದು ನನಗಿರಲಿ’ ಎಂದು ಹಿಡಿದ ಕೆಲಸಕ್ಕೆ ಇನ್ನೊಬ್ಬರು ಕೈಹಾಕಬಾರದು, ಅವರಾಗಿ ಬಿಡಬೇಕು, ಇಲ್ಲವೇ ಬಹಳ ದಿನ ಸದ್ದಿಲ್ಲದೆ ಇರಬೇಕು. ಅದು ಅಲ್ಲಿಯ ಮರ್ಯಾದೆ.

ಹಿಡಿದವನು ‘ಕಪ್ಪು ಹದ್ದು’ ಎನ್ನುವ ಹೆಸರಿನವನು. ಅವನ ಪರಿಚಯವನ್ನೂ ಪಿಟೀಲು ಹುಡುಕಿ ಓದಿದಳು, ತುಡಿತಕ್ಕೇನೂ ಕೊರತೆಯಿರಲಿಲ್ಲ. ಹಾಗೆ ಸದ್ದಿಲ್ಲದಿರುವ ಗಡುವು ಮುಗಿಯುತ್ತದೆ ಎನ್ನುವಾಗ ಬಂದು ‘ಕೆಲಸ ನಡೆಯುತ್ತಿದೆ’ ಎಂದು ಒಂದು ಸಾಲು ಬರೆದು ಹಾರಿಹೋಗುತ್ತಿದ್ದ. ತಾನೂ ತಿನ್ನ, ಪರರಿಗೂ ಬಿಡ. ಅವಳು ವಿನಯದಿಂದ ಕೇಳಿದಳು, ಆಮೇಲೆ ಅಂಗಲಾಚಿದಳು, ಆಮೇಲೆ ಹೆಸರಿಗೆ ತಕ್ಕಂತೆ ದಿನವೂ ಕುಯ್ದಳು. ಒಂದು ದಿನ ಅವನು ಸತ್ಯ ಹೇಳಿದ. ‘ಅಕ್ಕ, ನನ್ನ ಕಂಪ್ಯೂಟರಿನಲ್ಲಿ ಆ ತಂತ್ರಾಂಶ ಇನ್ನೂ ಶುರುವೇ ಆಗಿಲ್ಲ. ಕೇಳೋಕೆ ನಾಚಿಕೆಯಾಯಿತು. ಹಿಡಿದ ಕೆಲಸ ಬಿಟ್ಟರೆ ರಜೆಯ ಕೆಲಸಕ್ಕೆ ಆರಿಸುವುದಿಲ್ಲ ಅಂತ ಸುಮ್ಮನಿದ್ದೆ.’ ಬೈಯಲು ಸಜ್ಜಾಗಿದ್ದವಳಿಗೆ ಬೈಗುಳ ಬಾಯಿಗೆ ಬರಲಿಲ್ಲ. ಅವಳ ಲ್ಯಾಪ್‌ಟಾಪಿನಲ್ಲೂ ಅದು ಶುರುವಾಗಿರಲಿಲ್ಲ.

ಅವನು ಬಿಟ್ಟ, ಇವಳು ಹಿಡಿದಳು. ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯುವುದಕ್ಕೆ ಅವಳ ಪರೀಕ್ಷೆಯ ಓದು ಹಾಳಾಯಿತು. ಕಂಡುಹಿಡಿದು ಸರಿಮಾಡಿ ಕೊಟ್ಟ ಮೇಲೆ ಶುರುವಾಯಿತು ಪಂಚಾಯಿತಿ. ಕೆಲವು ಆಸ್ಪತ್ರೆಗಳಿಗೆ ಹಾಗೆ ಅಳಿಸುವುದೇ ಬೇಕೇನೋ ಎಂದೊಬ್ಬರು, ಹೌದಾದರೆ ಎರಡೂ ಬಗೆ ಇರಲಿ ಎಂದು ಇನ್ನೊಬ್ಬರು, ಸಾಲುಗಳ ನಡುವೆ ಜಾಗ ಬಿಟ್ಟದ್ದು ಸರಿಯಿಲ್ಲ ಎಂದು ಮತ್ತೊಬ್ಬರು. ಅವಳು ಹೇಳಿದ್ದಕ್ಕೆಲ್ಲ ಹೂಂ ಎಂದು ತಿದ್ದಿದಳು. ಕಡೆಗೊಂದು ಬೆಳಿಗ್ಗೆ ಡಾಕ್ಟರಮ್ಮ ಅದನ್ನು ಒಪ್ಪಿಕೊಂಡು ತಂತ್ರಾಂಶದೊಳಗೆ ಸೇರಿಸಿದರು. ಕಂಡರಿಯದ ದೇಶಗಳ ಆಸ್ಪತ್ರೆಗಳಿಂದ ‘ನಮ್ಮಲ್ಲಿ ಸರಿಹೋಯಿತು, ಥ್ಯಾಂಕ್ಸ್’ ಎಂದು ಬರೆದರು. ರಜೆಯ ಕೆಲಸಕ್ಕೂ ಅವಳನ್ನೇ ಆರಿಸಿದರು.

ಅಪ್ಪನಂತೂ ಡಯಾಲಿಸಿಸ್ ವಿಭಾಗದಲ್ಲಿ ಕುರ್ಚಿಯಿಂದ ಕುರ್ಚಿಗೆ ಡಂಗುರ ಹೊಡೆದ. “ನನ್ನ ಮಗಳು ಸರಿಮಾಡಿದಾಳೆ. ದೊಡ್ಡ ದೊಡ್ಡ ಡಾಕ್ಟ್ರುಗಳೇ ಒಪ್ಪಿದಾರೆ. ಇನ್ಮೇಲೆ ಒಂದ್ಸಲ ತಡ ಆದ್ರೆ ಯಾರೂ ಹೆದರ್ಬೇಕಾಗಿಲ್ಲ.” ಸಿಸ್ಟರ್ ಅವಳ ಕೆನ್ನೆ ಹಿಂಡಿದರು. ಸರದಿಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಹೊರಳುತ್ತಿದ್ದ ಮನುಷ್ಯ ಈಗ ಗೊರಕೆ ಹೊಡೆಯತೊಡಗಿದ. ಅಮ್ಮ ಅದನ್ನು ಕೇಳುತ್ತ, “ಪುಣ್ಯ ಕಟ್ಕೊಂಡೆ ಕಣೇ” ಎಂದಳು.

ಹೊಸ ರಿಪೇರಿಯನ್ನು ಹಾಕಿಸಲೆಂದು ಪಿಟೀಲು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನ ಬಳಿ ಹೋದಳು. ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ ನಡುವಯಸ್ಸಿನವನು. ಅವಳು ಹೇಳಿದ್ದನ್ನೆಲ್ಲ ಕೇಳಿ, ಕುರ್ಚಿ ಕೊಟ್ಟು ಕೂರಿಸಿದ.

“ನೀನು ಮಾಡಿದ್ದು ಹೊಸ ತಂತ್ರಾಂಶಕ್ಕಮ್ಮ. ನಮ್ಮಲ್ಲಿರೋದು ಓಬೀರಾಯನ ಕಾಲದ್ದು. ಯಾವುದೋ ಕಂಪನಿಯವರು ಬಂದು ತಮಗೆ ತಿಳಿದ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ತಿರುಚಿ ಹಾಕಿಹೋದ್ರು. ಆ ಕಂಪನೀನೇ ಈಗಿಲ್ಲ.”

“ಹಳೇದಕ್ಕೇ ಹೊಂದೋ ಹಾಗೆ ನಾನೇ ಮಾಡಿಕೊಡ್ತೀನಿ ಅಂಕಲ್. ಒಂದ್ಸಲ ಒಳಗೆ ನೋಡೋಕೆ ಬಿಡಿ.”

“ಹೊರಗಿನೋರಿಗೆ ತೋರಿಸೋ ಹಾಗಿಲ್ಲ. ರೋಗಿಗಳ ವಿಷಯ ಎಲ್ಲಾ ಇದೆಯಲ್ಲ.”

“ಹಾಗಾದ್ರೆ ನೀವೇ ಹಾಕಿ. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ.”

ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ಹಿಂದೆ ಒಂದ್ಸಲ ಧೈರ್ಯ ಮಾಡಿ ಏನೋ ಹೊಸದು ಹಾಕಿದ್ದೆ. ಲ್ಯಾಬಿನ ರಿಪೋರ್ಟುಗಳೆಲ್ಲ ಒಂದಿಡೀ ದಿನ ಮಾಯ. ಆಪರೇಷನ್ ನಿಂತ್ವು. ಕೆಲಸ ಹೋಗೋದ್ರಲ್ಲಿತ್ತು ನಂದು. ನಡೀತಿರೋದನ್ನ ಮುಟ್ಟಬೇಡ ಅಂತ ಮೇಲಿನಿಂದ ಅಪ್ಪಣೆಯಾಗಿದೆ. ನಿನ್ನಪ್ಪನ್ನ ನೋಡಿದ್ರೆ ಕರುಳು ಚುರ್ ಅನ್ನುತ್ತೆ ಕಣಮ್ಮ, ಆದ್ರೆ ನನ್ನ ಕೈಲಿಲ್ಲ.”

ಮೇಲಿನವರ ಬಾಗಿಲಿಗೂ ಹೋದಳು. ಅರ್ಜಿ ಕೊಡಿ, ನೋಡೋಣ ಎಂದರು. ಅವರು ನೋಡಲಿಲ್ಲ. ಡಾಕ್ಟರಮ್ಮನಿಗೆ ಬರೆದಳು. ಯಾವ ಆಸ್ಪತ್ರೆಗೂ ಹೀಗೆ ಮಾಡಿ ಎಂದು ಹೇಳುವ ಅಧಿಕಾರ ಬಳಗಕ್ಕಿಲ್ಲ, ಬಹಳ ಬೇಸರವಾಯಿತು ಎಂದು ಅವರು ಉತ್ತರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಪಾಪದವನೇ. ಬೈದು ಹಗುರಾಗೋಣವೆಂದರೆ ಒಬ್ಬ ಕೆಟ್ಟವನಾದರೂ ಸಿಗಬೇಕಲ್ಲ.

ಇದನ್ನು ಅಪ್ಪನಿಗೆ ಹೇಳಬೇಕೆಂದು ಅವಳು ಎಷ್ಟೋ ಸಲ ಬಾಯಿ ತೆರೆದಳು. ಗೊರಕೆ ಕೇಳಿಸುತ್ತಿತ್ತು, ಬಾಯಿ ಮುಚ್ಚಿಕೊಂಡಳು. ತಡವಾದರೆ ತಾನೇ ತೊಂದರೆ, ತಡವಾಗದ ಹಾಗೆ ನೋಡಿಕೊಂಡರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಂದಿನಿಂದ ಸರದಿಯ ದಿನಗಳಲ್ಲಿ ಸೂರ್ಯನಿಗಿಂತ ಮೊದಲು ಎದ್ದು ಅಪ್ಪನನ್ನು ಎಬ್ಬಿಸಿ ಹೊರಡಿಸುವಳು. “ಇನ್ನೂ ವಿಭಾಗದ ಬೀಗಾನೇ ತೆಗೆದಿರಲ್ಲ, ಏನ್ ಅವಸರ ನಿಂದು!” ಎಂದು ಅಪ್ಪ ಗೊಣಗುವನು. ಬಸ್ಸು ಸಿಗಲ್ಲಪ್ಪ ಎನ್ನುವಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಚಪ್ಪಲಿ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಆ ದಿನವೂ ಅವಳು ಅಪ್ಪನನ್ನು ಹೊತ್ತಿಗೆ ಮೊದಲೇ ಬೆಂಚಿನ ಮೇಲೆ ಕೂರಿಸಿಯೇ ಕಾಲೇಜಿಗೆ ಹೋದದ್ದು. ಕಾಲೇಜಿನಲ್ಲಿ ಅವಳದೇ ಕಾರ್ಯಕ್ರಮ. ಬಳಗಕ್ಕೆ ಸೇರಬಯಸುವ ಕಿರಿಯರಿಗೆ ಪರಿಚಯ ಹೇಗೆ ಬರೆಯಬೇಕು, ಕೆಲಸ ಹೇಗೆ ಹಿಡಿಯಬೇಕು ಎಂದು ಹೇಳಿಕೊಡಲು ಪ್ರೊಫೆಸರು ಅವಳನ್ನು ಕರೆದಿದ್ದರು. ಒಬ್ಬೊಬ್ಬರೇ ಎದ್ದು ತಾವು ಬರೆದದ್ದನ್ನು ಓದುತ್ತಿದ್ದರು. ಎಲ್ಲರಲ್ಲೂ ತುಡಿತವಿತ್ತು. ಅಷ್ಟರಲ್ಲಿ ಅಪ್ಪನ ಫೋನು ಬಂತು. ಡಯಾಲಿಸಿಸ್ ನಡೆಯುತ್ತಿರಬೇಕಾದ ಹೊತ್ತು. ಅವಳು ಫೋನು ಹಿಡಿದುಕೊಂಡು ವರಾಂಡಕ್ಕೆ ಓಡಿದಳು.

“ಹೆದರ್ಬೇಡ, ಏನೂ ಆಗಿಲ್ಲ,” ಅಪ್ಪನ ದನಿಯಲ್ಲಿ ಹಬ್ಬವಿತ್ತು. “ಒಬ್ಬರು ಅಜ್ಜೀನ ಕರ್ಕೊಂಡು ಬಂದ್ರು ಕಣೇ. ಉಸಿರಾಡೋಕೆ ಆಗ್ತಿಲ್ಲ, ಕುರ್ಚಿ ಒಂದೂ ಖಾಲಿ ಇಲ್ಲ. ಅವರ ಮಗಳು ಎಲ್ಲರ ಕಾಲು ಹಿಡೀತಿದ್ಲು. ನಂಗೆ ಹೋದ ಸಲ ನಾನು ಒದ್ದಾಡಿದ್ದು ನೆನಪಾಯ್ತು. ಇವತ್ತು ನಾನು ಆರಾಮಾಗೇ ಇದೀನಿ, ಮುಂದಿನ ಸರದೀಲಿ ಮಾಡಿಸ್ಕೊಂಡ್ರಾಯ್ತು, ನನ್ನ ಕುರ್ಚಿ ಅವರಿಗೆ ಕೊಡಿ ಅಂದೆ.”

“ಅಪ್ಪಾ...”

“ಕೇಳು ಪೂರ್ತಿ. ಸಿಸ್ಟರ್ ಅನುಮಾನ ಮಾಡಿದ್ರು. ‘ಬಂದಿಲ್ಲ’ ಒತ್ತಿದ್ರೆ ಸಾರ್, ಅಂದ್ರು. ಒತ್ತಿ ಸಿಸ್ಟರ್, ನನ್ನ ಮಗಳು ಸರಿಮಾಡಿಟ್ಟಿದಾಳೆ ಅಂದೆ. ಒತ್ತಿದ್ರು. ಅಜ್ಜಿ ಈಗ ಮಲಗಿದಾರೆ, ಉಸಿರು ಹದಕ್ಕೆ ಬಂತಂತೆ. ನೀನು ಮಾಡಿದ ಕೆಲಸದಿಂದ ಒಂದು ಜೀವ ಉಳೀತು ಪುಟ್ಟಾ, ಕಣ್ಣಾರೆ ನೋಡ್ದೆ.”

ಒಳಗಿನಿಂದ ಯಾರದೋ ಪರಿಚಯಕ್ಕೆ ಚಪ್ಪಾಳೆ ಕೇಳಿಸಿತು. ಆಚೆ ಕಡೆ ಸಿಸ್ಟರ್ ಏನೋ ಕೇಳುತ್ತಿದ್ದರು, ಅಪ್ಪ ಫೋನಿಗೆ ಕೈ ಅಡ್ಡ ಹಿಡಿದು ಅವರಿಗೆ ಏನೋ ಹೇಳುತ್ತಿದ್ದ. ಆಮೇಲೆ ಮತ್ತೆ ಅವನ ದನಿ ಬಂತು, ಹೊಸ ಶಿಷ್ಯನಿಗೆ ಗಾಡಿ ಕಲಿಸುವಾಗಿನ ಅದೇ ನಿಧಾನದ ದನಿ.

“ನನ್ನ ಮುಂದಿನ ಸರದಿಗಳು ಪರದೆ ಮೇಲೆ ಕಾಣ್ತಿಲ್ವಂತೆ. ಹೊಸದರಲ್ಲಿ ಬೇರೆ ಕಡೆ ತೋರಿಸುತ್ತೇನೋ ಅಂತ ಸಿಸ್ಟರ್ ಹುಡುಕ್ತಿದಾರೆ. ಎಲ್ಲಿ ಒತ್ತಬೇಕು ಅಂತ ನೀನೇ ಹೇಳಿಬಿಡು, ಫೋನ್ ಕೊಡ್ತೀನಿ ಅವರಿಗೆ.”